ಗೊಟಗೋಡಿಗೆ ಒಂದು ಪೂರ್ತಿ ದಿನ ಕೊಡಿ

ಬ್ಯಾಡಗಿಯಲ್ಲಿ ಪ್ರವಾಸದ ಮಾತು ಯಾವಾಗೆಂದರೆ ಆವಾಗ ಏಳುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಆವಕದ ಭರಾಟೆ. ಸೋಮವಾರ, ಗುರುವಾರ ಬಂತೆಂದರೆ ಮಾರುಕಟ್ಟೆಯ ಪ್ರಾಂಗಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದಲಾಲರು, ಹಮಾಲರು, ತೂಕದವರು, ತುಂಬು ಬಿಡಿಸುವ ಹೆಂಗಸರು, ಚಹಾ ಮಾರುವ ಹುಡುಗರು, ಊರಿಗೆ ಊರೇ ಆ ಕೆಂಪು ರಾಶಿಯ ಸುತ್ತ ನಿಂತಿರುತ್ತದೆ. ಆ ದಿನಗಳಲ್ಲಿ ಮಕ್ಕಳು ಎಷ್ಟೇ ಗೋಗರೆದರೂ ಸಿಗುವ ಉತ್ತರ ಒಂದೇ: ‘ಸೀಸನ್ ಮುಗೀಲಿ ತಡಿ.’ ಸೀಸನ್ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ದರ ಕುಸಿದ ವರ್ಷವಂತೂ ಆ ಮಾತೇ ಏಳುವುದಿಲ್ಲ. 2024ರ ಮಾರ್ಚ್ 11ರಂದು ದರ ಬಿದ್ದ ಸಿಟ್ಟಿನಲ್ಲಿ ಮಾರುಕಟ್ಟೆಯ ಕಚೇರಿಗೇ ಬೆಂಕಿ ಬಿದ್ದದ್ದನ್ನು ಊರು ಇನ್ನೂ ಮರೆತಿಲ್ಲ. ಅಂಥ ವರ್ಷ ಮನೆಯ ಖರ್ಚಿನ ಪಟ್ಟಿಯಿಂದ ಮೊದಲು ಅಳಿಸಿಹೋಗುವುದು ಮಕ್ಕಳನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಿಬರುವ ಸಾಲು.

ರಾಣೆಬೆನ್ನೂರಿನ ಲೆಕ್ಕ ಬೇರೆ. ಅಲ್ಲಿನ ಸುತ್ತಲ ಹಳ್ಳಿಗಳಲ್ಲಿ ಬೀಜೋತ್ಪಾದನೆಯದೇ ದೊಡ್ಡ ಕೆಲಸ. ಹೂ ಬಿಟ್ಟ ಕಾಲಕ್ಕೆ ‘ಕ್ರಾಸಿಂಗ್’ ಶುರುವಾಯಿತೆಂದರೆ ಒಂದು ದಿನವೂ ಬಿಡುವಂತಿಲ್ಲ. ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಕೈಯಿಂದಲೇ ಮುಟ್ಟಿಸಬೇಕು. ಇವತ್ತು ಅರಳಿದ ಹೂವು ನಾಳೆಗೆ ಕಾಯುವುದಿಲ್ಲ. ಹಾವೇರಿಯಲ್ಲಿ ನೌಕರದಾರರು ಹೆಚ್ಚು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಜೊತೆ ಎರಡನೇ ಶನಿವಾರ, ನಾಲ್ಕನೇ ಶನಿವಾರದ ಲೆಕ್ಕವೂ ಬಂತು. ಒಂದೇ ಹೆದ್ದಾರಿಯ ಆಸುಪಾಸಿನಲ್ಲಿರುವ ಮೂರು ಊರುಗಳಿಗೆ ಮೂರು ಬಗೆಯ ಬಿಡುವು. ಬೀಗರು, ನೆಂಟರು ಈ ಮೂರೂ ಊರುಗಳಲ್ಲಿ ಹಂಚಿಹೋಗಿರುವ ಮನೆಯಲ್ಲಿ ‘ಎಲ್ಲರೂ ಕೂಡಿ ಒಮ್ಮೆ ಪಾರ್ಕಿಗೆ ಹೋಗೋಣ’ ಎಂದರೆ ಮೊದಲ ಪ್ರಶ್ನೆ ಎಲ್ಲಿಗೆ ಎಂಬುದಲ್ಲ, ಎಷ್ಟು ದಿನ ಎಂಬುದು.

ಜಾತ್ರೆಗೆ ಹೋಗುವಾಗ ನಮ್ಮ ಹಿರಿಯರಿಗೆ ಈ ಪ್ರಶ್ನೆ ಇರಲಿಲ್ಲ. ದೇವರಗುಡ್ಡದ ಮಾಲತೇಶನ ಕಾರಣಿಕ ನವರಾತ್ರಿಯಲ್ಲಿ, ಮೈಲಾರದ ಕಾರಣಿಕ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ. ದಿನವನ್ನು ಪಂಚಾಂಗವೇ ಗೊತ್ತು ಮಾಡುತ್ತಿತ್ತು. ಚಕ್ಕಡಿ ಕಟ್ಟಿಕೊಂಡು ಹೋಗಿ, ಹೊಳೆಯ ದಂಡೆಯಲ್ಲಿ ಬೀಡು ಬಿಟ್ಟು, ಒಲೆ ಹೂಡಿ, ಕಾರಣಿಕ ಕೇಳಿ ಹಿಂದಿರುಗುವವರೆಗೆ ಎಷ್ಟು ದಿನವಾದರೆ ಅಷ್ಟು ದಿನ. ಈಗಲೂ ಜಾತ್ರೆಗೆ ರಜೆ ಕೇಳಲು ಯಾರೂ ಸಂಕೋಚಪಡುವುದಿಲ್ಲ, ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಥೀಮ್ ಪಾರ್ಕಿಗೆ ಪಂಚಾಂಗದ ಬೆಂಬಲವಿಲ್ಲ. ವರ್ಷವಿಡೀ ಬಾಗಿಲು ತೆರೆದಿರುವ ಜಾಗಕ್ಕೆ ಹೋಗುವ ದಿನ, ಇರುವ ದಿನ ಎರಡನ್ನೂ ನಾವೇ ಗೊತ್ತು ಮಾಡಬೇಕು. ಆದ್ದರಿಂದಲೇ ಅದು ಮುಂದೆ ಮುಂದೆ ಹೋಗುತ್ತದೆ, ಕೊನೆಗೆ ಯಾವುದೋ ಮದುವೆಗೆ ಹೋಗುವ ದಾರಿಯಲ್ಲಿ ಎರಡು ತಾಸಿಗೆ ಇಳಿಯುತ್ತದೆ.

ಆ ಎರಡು ತಾಸು ಸಾಲದು ಎಂದು ಹೇಳಲಿಕ್ಕೇ ಈ ಬರಹ.

ಬಿಡದಿಯ ಲೆಕ್ಕ

ದೂರದ ಲೆಕ್ಕವನ್ನು ಮೊದಲು ಮುಗಿಸೋಣ. ನಮ್ಮ ಕಡೆಯ ಮಕ್ಕಳ ಬಾಯಲ್ಲಿ ಪಾರ್ಕ್ ಎಂದರೆ ಬಿಡದಿಯ ವಂಡರ್‌ಲಾ. 2005ರಲ್ಲಿ ಶುರುವಾದದ್ದು, 82 ಎಕರೆಯಷ್ಟು ಜಾಗ, 60ಕ್ಕೂ ಹೆಚ್ಚು ಆಟಗಳು. ಹಾವೇರಿಯಿಂದ ಬೆಂಗಳೂರು ಸುಮಾರು 340 ಕಿಲೋಮೀಟರ್. ಹೆಚ್ಚಿನವರು ಮಾಡುವುದೇನೆಂದರೆ ರಾತ್ರಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ಬೆಳಗಾಗುವಾಗ ಬೆಂಗಳೂರಿನಲ್ಲಿ ಇಳಿದು, ಮುಖ ತೊಳೆದು, ಇಡ್ಲಿ ತಿಂದು ನೇರ ಬಿಡದಿಗೆ. ಸಂಜೆ ಅಲ್ಲಿಂದ ಹೊರಟು ಮತ್ತೆ ರಾತ್ರಿಯ ಗಾಡಿ. ಒಂದೇ ಹಗಲು, ಎರಡು ರಾತ್ರಿ, ಲಾಡ್ಜಿನ ಖರ್ಚಿಲ್ಲ. ಕಾಗದದ ಮೇಲೆ ಅಚ್ಚುಕಟ್ಟಾದ ಲೆಕ್ಕ.

ಪಾರ್ಕಿನ ಬಾಗಿಲು ತೆರೆಯುವುದು ಹನ್ನೊಂದರ ಸುಮಾರಿಗೆ. ಸಂಜೆ ಆರಕ್ಕೆ ಮುಗಿಯಿತು ಎಂದುಕೊಂಡರೆ ಏಳು ತಾಸು, ಅಂದರೆ 420 ನಿಮಿಷ. 60 ಆಟ ಆಡಬೇಕೆಂದರೆ ಒಂದಕ್ಕೆ ಸಿಗುವುದು ಏಳೇ ನಿಮಿಷ. ಅದರಲ್ಲೇ ನಡೆಯಬೇಕು, ಸಾಲಿನಲ್ಲಿ ನಿಲ್ಲಬೇಕು, ಆಡಬೇಕು, ಬಟ್ಟೆ ಬದಲಿಸಬೇಕು, ಊಟ ಮಾಡಬೇಕು. ಆಗದ ಮಾತು. ಭಾನುವಾರವಾದರೆ ಒಂದು ದೊಡ್ಡ ಆಟದ ಸಾಲಿನಲ್ಲೇ ಅರ್ಧ ತಾಸು ಕರಗುತ್ತದೆ. ಸಾಲು ತಪ್ಪಿಸಲು ಹೆಚ್ಚು ಹಣದ ಟಿಕೆಟ್ ಇದೆ. ಆರು ಜನರ ಮನೆಗೆ ಅದು ಹೊರೆ. ಎತ್ತರ ಸಾಲದ ಮಗುವನ್ನು ದೊಡ್ಡ ಆಟಗಳಿಗೆ ಬಿಡುವುದಿಲ್ಲ, ಅದು ಸರಿಯಾದದ್ದೇ. ಆದರೆ ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳತೆ ನೋಡಿಕೊಳ್ಳದೆ ಅಲ್ಲಿಗೆ ಹೋಗಿ ಅಳಿಸುವವರೇ ಬಹಳ.

ನನ್ನ ಅಭಿಪ್ರಾಯ ಕೇಳಿದರೆ ಬಿಡದಿಗೆ ಒಂದು ದಿನ ಸಾಕು. ಆದರೆ ರಾತ್ರಿಯಿಡೀ ಗಾಡಿಯಲ್ಲಿ ತೂಕಡಿಸಿದ ಮಗುವಿಗೆ ಆ ಒಂದು ದಿನ ಅರ್ಧ ದಿನವಾಗುತ್ತದೆ. ಹಿಂದಿನ ಸಂಜೆಯೇ ತಲುಪಿ ಮಲಗುವುದು, ವಾರದ ನಡುವೆ ಹೋಗುವುದು, ಎಂಟು ಹತ್ತು ಆಟಗಳನ್ನು ಮೊದಲೇ ಆರಿಸಿಕೊಳ್ಳುವುದು, ಇಷ್ಟು ಮಾಡಿದರೆ ಕೊಟ್ಟ ದುಡ್ಡಿಗೆ ನ್ಯಾಯ. ಎರಡನೇ ದಿನ ಕೈಯಲ್ಲಿದ್ದರೆ ಅದೇ ಪಾರ್ಕಿನಲ್ಲಿ ಕಳೆಯಬೇಡಿ. ಅದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಹಿಂದಿನ ದಿನ ನೀರಿನಲ್ಲಿ ಕುಣಿದ ಮಕ್ಕಳು ಮರುದಿನ ಅಲ್ಲಿ ಗೊಂಬೆಗಳ ಮುಂದೆ ಸುಮ್ಮನೆ ನಿಲ್ಲುವುದನ್ನು ನೋಡಬೇಕು.

ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿಬಂದ ಹಾವೇರಿಯ ಹಿರಿಯರನ್ನು ಕೇಳಿದರೆ ಡಿಸ್ನಿಯ ಕತೆ ಹೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅದು ಒಂದು ದಿನದ ಪಾರ್ಕು. 1971ರಲ್ಲಿ ಫ್ಲೋರಿಡಾದಲ್ಲಿ ಶುರುವಾದದ್ದು ಬೆಳೆದು ಬೆಳೆದು ಈಗ ನಾಲ್ಕು ಪಾರ್ಕು. ಅಲ್ಲಿಗೆ ಹೋಗುವ ಮನೆಯವರು ನಾಲ್ಕೈದು ದಿನದ ಲೆಕ್ಕ ಹಾಕುತ್ತಾರೆ. ದಿನ ಹೆಚ್ಚಿದಂತೆ ಟಿಕೆಟ್ಟಿನಲ್ಲಿ ಒಂದು ದಿನಕ್ಕೆ ಬೀಳುವ ದರ ಇಳಿಯುತ್ತದೆ. ಹಾಗಾಗಿ ‘ಇನ್ನೊಂದು ದಿನ ಇದ್ದೇ ಬಿಡೋಣ’ ಅನ್ನಿಸುತ್ತದೆ. ಮೊಮ್ಮಕ್ಕಳು ಸಾಲಿನಲ್ಲಿ, ಅಜ್ಜ ಅಜ್ಜಿ ನೆರಳಿನ ಬೆಂಚಿನಲ್ಲಿ ಚೀಲ ಕಾಯುತ್ತ. ಆ ಬೆಂಚು ನನ್ನ ಮನಸ್ಸಿನಲ್ಲಿ ಉಳಿದಿದೆ. ದೊಡ್ಡ ಪಾರ್ಕುಗಳಲ್ಲಿ ಮನೆಯ ಹಿರಿಯರಿಗೆ ಮಾಡಲು ಏನೂ ಇರುವುದಿಲ್ಲ. ಅವರಿಗೆ ಗೊತ್ತಿರುವುದು ಅಲ್ಲಿ ಯಾರಿಗೂ ಬೇಕಾಗಿಲ್ಲ.

ಗೊಟಗೋಡಿಯಲ್ಲಿ ಇದು ತಿರುಗುಮುರುಗು.

ಅಜ್ಜಿಯಿಲ್ಲದೆ ಹೋದರೆ ಎರಡು ತಾಸು

ಹಾವೇರಿಯಿಂದ ಹುಬ್ಬಳ್ಳಿ ಕಡೆಗೆ ಹೊರಟರೆ, ಶಿಗ್ಗಾವಿ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲೇ ಗೊಟಗೋಡಿ. ಅಲ್ಲಿರುವುದು ಉತ್ಸವ ರಾಕ್ ಗಾರ್ಡನ್. ಹೆಸರು ಕೇಳಿದರೆ ಚಂಡೀಗಢ ನೆನಪಾಗುತ್ತದೆ. ಅಲ್ಲಿ ನೇಕ್ ಚಂದ್ ಎಂಬ ಸರ್ಕಾರಿ ನೌಕರ ಒಡೆದ ಪಿಂಗಾಣಿ, ಹಳೆಯ ಬಳೆ, ಗುಜರಿ ಸಾಮಾನು ಕೂಡಿಸಿ ಗುಟ್ಟಾಗಿ ಕಟ್ಟಿದ ತೋಟ 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಗೊಟಗೋಡಿಯದು ಬೇರೆ ದಾರಿ. ಇಲ್ಲಿ ಗುಜರಿಯಿಲ್ಲ, ಕಲ್ಪನೆಯ ಪ್ರಾಣಿಗಳ ಸೈನ್ಯವಿಲ್ಲ. ಉತ್ತರ ಕರ್ನಾಟಕದ ಒಂದು ಹಳ್ಳಿಯೇ ಸಿಮೆಂಟಿನಲ್ಲಿ ನಿಂತಿದೆ. ಆಳೆತ್ತರದ ಮನುಷ್ಯರು, ನಿಜವಾದಷ್ಟೇ ದೊಡ್ಡ ಎತ್ತುಗಳು, ಹೊಕ್ಕು ನೋಡಬಹುದಾದ ಮನೆಗಳು. ಬಡಿಗೇರ ಉಜ್ಜುಗೊರಡಿನ ಮೇಲೆ ಬಾಗಿದ್ದಾನೆ, ಕುಂಬಾರ ತಿಗರಿಯ ಮುಂದೆ ಕೂತಿದ್ದಾನೆ, ವಾಡೆಯ ಪಡಸಾಲೆಯಲ್ಲಿ ಯಜಮಾನ ಲೋಡಿಗೆ ಒರಗಿದ್ದಾನೆ. ಡಾ. ರಾಜಕುಮಾರ್ ಅವರ ಚಿತ್ರಗಳ ಪಾತ್ರಗಳೂ ಶಿಲ್ಪವಾಗಿ ನಿಂತಿವೆ; ಫೋಟೊಕ್ಕೆ ಮೊದಲು ಮುಗಿಬೀಳುವುದು ಅಲ್ಲಿ.

ಇದರ ಹಿಂದಿನ ಕೈ ಟಿ.ಬಿ. ಸೊಲಬಕ್ಕನವರ ಅವರದು. ಚಿತ್ರಕಲಾವಿದ, ಶಿಲ್ಪಿ, ಅದಕ್ಕಿಂತ ಹೆಚ್ಚಾಗಿ ದೊಡ್ಡಾಟದ ಮನುಷ್ಯ. 2020ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ದೊಡ್ಡಾಟದ ನಂಟು ಇಲ್ಲಿ ಮುಖ್ಯ ಎಂದು ನನಗೆ ಅನ್ನಿಸುತ್ತದೆ. ದೊಡ್ಡಾಟ ರಾತ್ರಿ ಊಟವಾದ ಮೇಲೆ ಶುರುವಾಗಿ ಕೋಳಿ ಕೂಗುವವರೆಗೆ ನಡೆಯುವ ಆಟ. ಒಂದು ಪಾತ್ರ ರಂಗಕ್ಕೆ ಬಂದು ತನ್ನ ಪರಿಚಯ ಹೇಳಿಕೊಳ್ಳಲಿಕ್ಕೇ ಸಾಕಷ್ಟು ಹೊತ್ತು ಬೇಕು. ಯಾರಿಗೂ ಅವಸರವಿಲ್ಲ. ಆ ಕಲೆಯಲ್ಲಿ ಬೆಳೆದವರು ಕಟ್ಟಿದ ತೋಟವೂ ಅವಸರಕ್ಕೆ ಒಗ್ಗುವುದಿಲ್ಲ. ಒಂದೊಂದು ಶಿಲ್ಪದ ಮೈಯಲ್ಲಿ ಇರುವ ವಿವರ ಅಷ್ಟು: ಹೆಂಗಸಿನ ಸೆರಗು ಸಿಕ್ಕಿಸಿದ ಬಗೆ, ರುಮಾಲಿನ ಸುತ್ತು, ಮುದುಕನ ಮೊಣಕಾಲಿನ ಸುಕ್ಕು, ಎತ್ತಿನ ಕೊರಳಿನ ಗಂಗೆದೊಗಲು. ಕೈಯಲ್ಲಿ ಮೊಬೈಲ್ ಹಿಡಿದು ನಡೆಯುತ್ತಲೇ ನೋಡಿದವರಿಗೆ ಇವು ಕಾಣುವುದಿಲ್ಲ.

ಮಕ್ಕಳನ್ನಷ್ಟೇ ಕರೆದುಕೊಂಡು ಹೋದರೆ ಇಡೀ ತೋಟ ಎರಡು ತಾಸಿಗೆ ಮುಗಿಯುತ್ತದೆ. ‘ಎತ್ತು ನೋಡು, ಬಾವಿ ನೋಡು, ಫೋಟೊ ತೆಗಿ, ನಡಿ.’ ಶಿಲ್ಪಗಳಲ್ಲಿರುವ ಕೆಲಸಗಳು ಅಪ್ಪ ಅವ್ವನಿಗೂ ಗೊತ್ತಿಲ್ಲ. ಅವರು ಹುಟ್ಟುವ ಹೊತ್ತಿಗೆ ಊರಿಗೆ ಗಿರಣಿ ಬಂದಾಗಿತ್ತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಜೊತೆಗಿದ್ದರೆ ಮಾತ್ರ ತೋಟ ಬೇರೆಯದೇ ಆಗುತ್ತದೆ. ಅಂಥದೊಂದು ಮನೆಯವರ ಬೆನ್ನಿಗೇ ನಡೆಯುವ ಅವಕಾಶ ಸಿಕ್ಕಿತ್ತು. ಮಾತಿನ ಧಾಟಿಯಿಂದ ರಾಣೆಬೆನ್ನೂರಿನ ಕಡೆಯವರು. ಬೀಸುವ ಹೆಂಗಸಿನ ಶಿಲ್ಪದ ಮುಂದೆ ಅಜ್ಜಿ ನಿಂತಳು. ಮೊಮ್ಮಗಳು ಆಗಲೇ ಮುಂದಿನ ಮನೆಯ ಬಾಗಿಲಲ್ಲಿದ್ದಳು.

‘ಇಲ್ಲಿ ಬಾರವ್ವ. ಇದೇನ ಹೇಳು?’

‘ಬೀಸೋಕಲ್ಲು. ನಮ್ಮ ಪುಸ್ತಕದಾಗ ಐತಿ.’

‘ಪುಸ್ತಕದಾಗ ಹೆಂಗ ಬೀಸೂದಂತ ಐತೇನು?’

ಅದು ಇರಲಿಲ್ಲ. ಅಜ್ಜಿ ಅಲ್ಲೇ ನೆಲಕ್ಕೆ ಕೂತು ಒಂದು ಕಾಲು ಚಾಚಿ, ಇನ್ನೊಂದು ಮಡಚಿ ತೋರಿಸಿದಳು. ಎಡಗೈಯಿಂದ ಒಂದೊಂದು ಹಿಡಿ ಜೋಳ ಕಲ್ಲಿನ ಬಾಯಿಗೆ. ಬಲಗೈ ಗೂಟದ ಮೇಲೆ. ಹೆಚ್ಚು ಹಾಕಿದರೆ ನುಚ್ಚಾಗುತ್ತದೆ, ಕಡಿಮೆ ಹಾಕಿದರೆ ಕಲ್ಲು ಕಲ್ಲು ತಾಕಿ ಹಿಟ್ಟಿನಲ್ಲಿ ಮರಳು ಬರುತ್ತದೆ. ಕಾಳು ಮುಗಿಯುತ್ತ ಬಂದರೆ ಸಪ್ಪಳವೇ ಬದಲಾಗುತ್ತದೆ, ನೋಡಬೇಕೆಂದಿಲ್ಲ, ಕಿವಿಗೇ ಗೊತ್ತಾಗುತ್ತದೆ. ನಸುಕಿನಲ್ಲಿ ಎದ್ದು ಇಬ್ಬರು ಎದುರುಬದುರು ಕೂತರೆ ಕೈಗೆ ಹಗುರ. ಅತ್ತೆ ಸೊಸೆ ಮಾತು ಬಿಟ್ಟಿದ್ದ ದಿನವೂ ಒಂದೇ ಗೂಟ ಹಿಡಿಯಲೇಬೇಕು, ಒಂದೇ ಹಾಡಿಗೆ ದನಿಗೂಡಿಸಲೇಬೇಕು. ‘ಎಷ್ಟ ಹೊತ್ತ ಬೀಸ್ತಿದ್ದಿ ಅಜ್ಜಿ?’ ಎಂದು ಹುಡುಗಿ ಕೇಳಿದಳು. ‘ಮನ್ಯಾಗ ಎಷ್ಟ ಬಾಯಿ ಅದಾವು ಅಷ್ಟ ಹೊತ್ತು’ ಎಂದಳು ಅಜ್ಜಿ. ಆಮೇಲೆ ಮೇಲೇಳಲು ಮೊಮ್ಮಗಳ ಹೆಗಲು ಹಿಡಿದಳು.

ಆ ಒಂದು ಶಿಲ್ಪದ ಮುಂದೆ ಅವರು ಕಳೆದ ಹೊತ್ತಿನಲ್ಲಿ ಒಂದು ಶಾಲೆಯ ಮಕ್ಕಳ ಸಾಲು ಪೂರ್ತಿ ಹಾದುಹೋಯಿತು. ಅಂಥ ಶಿಲ್ಪಗಳು ಅಲ್ಲಿ ನೂರಾರು. ಕಣ ಮಾಡಿದ ಅಜ್ಜನೊಬ್ಬ ಜೊತೆಗಿದ್ದರೆ ಎತ್ತು, ಚಕ್ಕಡಿಗಳ ಹತ್ತಿರ ಬೇರೆಯದೇ ಕತೆ ಏಳುತ್ತದೆ. ಅಂದಮೇಲೆ ದಿನದ ಲೆಕ್ಕ ಹಾಕಬೇಕಾದದ್ದು ತೋಟದ ಎಕರೆ ನೋಡಿ ಅಲ್ಲ, ಜೊತೆಗೆ ಬರುವವರ ವಯಸ್ಸು ನೋಡಿ. ಬಿಡದಿಯಲ್ಲಿ ಹೊತ್ತು ತಿನ್ನುವುದು ಸಾಲು. ಗೊಟಗೋಡಿಯಲ್ಲಿ ಹೊತ್ತು ಬೇಡುವುದು ಮಾತು. ಮಾತಾಡುವವರು ಮನೆಯಲ್ಲಿ ಇದ್ದಾಗಲೇ ಹೋಗಬೇಕು. ‘ಅಜ್ಜಿಗೆ ನಡೆಯೋಕೆ ಆಗಲ್ಲ, ಮನೆಯಲ್ಲೇ ಇರಲಿ’ ಎಂದು ಬಿಟ್ಟುಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಿಧಾನ ನಡೆಯಲಿ, ಅಲ್ಲಲ್ಲಿ ಕೂರಲಿ, ಅದಕ್ಕೇ ತಾನೆ ಇಡೀ ದಿನ ಎಂದದ್ದು.

ಒಂದು ದಿನ ಎಂದರೆ ಪೂರ್ತಿ ದಿನ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಒಳಗಿರಬೇಕು. ಬಿಸಿಲು ಏರುವುದರೊಳಗೆ ಬಯಲಿನ ಶಿಲ್ಪಗಳನ್ನು, ದನಕರುಗಳನ್ನು ನೋಡಿ ಮುಗಿಸಿ, ನಡುಹಗಲು ಮನೆಗಳ ಒಳಗಿನ ದೃಶ್ಯಗಳಿಗೆ ಬರಬೇಕು. ಊಟವಾದ ಮೇಲೆ ಹಿರಿಯರಿಗೆ ಒಂದು ಗಳಿಗೆ ನೆರಳಲ್ಲಿ ಅಡ್ಡಾಗಲು ಬಿಟ್ಟು, ಮಕ್ಕಳ ಆಟವನ್ನು ಆ ಹೊತ್ತಿಗೆ ಇಟ್ಟುಕೊಳ್ಳಬೇಕು. ಬೆಳಗ್ಗೆಯೇ ಆಟ ತೋರಿಸಿದರೆ ಮಕ್ಕಳು ಆಮೇಲೆ ಶಿಲ್ಪದ ಕಡೆ ತಲೆಯೆತ್ತುವುದಿಲ್ಲ. ಇದನ್ನು ಮಾತ್ರ ಎಲ್ಲರೂ ತಪ್ಪು ಮಾಡುತ್ತಾರೆ. ಸಂಜೆಯ ಇಳಿಬಿಸಿಲಲ್ಲಿ, ಬೆಳಗ್ಗೆ ಅಜ್ಜಿಗೆ ಹಿಡಿಸಿದ್ದ ಒಂದೆರಡು ಜಾಗಕ್ಕೆ ಮತ್ತೆ ಹೋಗಬೇಕು. ಆಗ ಹೊಸ ಮಾತು ಬರುತ್ತದೆ.

ಹೋಗುವುದು ಕಷ್ಟವಲ್ಲ. ರಾಣೆಬೆನ್ನೂರು, ಹಾವೇರಿ ಹೆದ್ದಾರಿಯ ಮೇಲೇ ಇವೆ, ಬ್ಯಾಡಗಿಯವರು ಮೋಟೆಬೆನ್ನೂರಿಗೆ ಬಂದರೆ ಅದೇ ರಸ್ತೆ. ಮನೆಮಂದಿ ಹೆಚ್ಚಿದ್ದರೆ ಒಂದು ಕ್ರೂಸರ್ ಬಾಡಿಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಪ್ರಯಾಣಕ್ಕೆ ದುಡ್ಡಿನ ಅಡ್ಡಿಯೂ ಉಳಿದಿಲ್ಲ. ತುಂಬು ಬಿಡಿಸುವ ಹೆಂಗಸರ ಗುಂಪುಗಳು ಧರ್ಮಸ್ಥಳ, ಸವದತ್ತಿಗಳಿಗೆ ಹೋಗಿಬಂದಿವೆ. ತಮ್ಮದೇ ಬದುಕು ಶಿಲ್ಪವಾಗಿ ನಿಂತಿರುವ ಜಾಗಕ್ಕೂ ಆ ಗುಂಪುಗಳು ಒಮ್ಮೆ ಬರಬೇಕು. ಬುತ್ತಿ ಎಂದರೆ ನಮ್ಮಲ್ಲಿ ಹೇಳಿಕೊಡಬೇಕಾದ್ದೇನಿಲ್ಲ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ, ಮೊಸರು. ಒಳಗೆ ಬುತ್ತಿ ಬಿಚ್ಚಲು ಅವಕಾಶ ಉಂಟೇ ಎಂದು ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.

ಎರಡನೇ ದಿನ

ಒಂದು ದಿನ ಒಪ್ಪಿಕೊಂಡ ಮೇಲೆ ಎರಡನೆಯದರ ಮಾತು. ಎರಡನೇ ದಿನವನ್ನು ತೋಟದ ಹೊರಗೆ ಕಳೆಯಬೇಕು ಎನ್ನುವುದು ನನ್ನ ವಾದ. ಸಿಮೆಂಟಿನ ಎತ್ತನ್ನು ನೋಡಿದ ಮಗುವಿಗೆ ಮರುದಿನವೇ ಉಸಿರಾಡುವ ಎತ್ತನ್ನು ತೋರಿಸುವ ಅನುಕೂಲ ಜಗತ್ತಿನ ಯಾವ ದೊಡ್ಡ ಪಾರ್ಕಿಗೂ ಇಲ್ಲ, ಗೊಟಗೋಡಿಗೆ ಇದೆ.

ಬಂಕಾಪುರದ ಕೋಟೆಗೆ ಹೋಗಿ. ಅದು ಶಿಗ್ಗಾವಿ ತಾಲ್ಲೂಕಿನಲ್ಲೇ ಇದೆ. ಕೋಟೆಯೊಳಗೆ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ಉದ್ದ ಕೊಂಬು, ಬಿಗಿ ಮೈ, ಕಣ್ಣಲ್ಲಿ ಒಂದು ಸಿಟ್ಟು. ಹಿಂದಿನ ದಿನ ಶಿಲ್ಪದ ಎತ್ತಿನ ಬೆನ್ನು ಸವರಿದ ಹುಡುಗ ಖಿಲಾರಿ ಹೋರಿಯ ಎದುರು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಆ ಹಿಂದೆ ಸರಿಯುವುದರಲ್ಲೇ ಅವನಿಗೆ ಅರ್ಥವಾಗಬೇಕಾದ್ದು ಅರ್ಥವಾಗಿರುತ್ತದೆ. ಕೋಟೆಯ ಪ್ರದೇಶ ನವಿಲುಧಾಮವೂ ಹೌದು. ಮುಂಜಾನೆಯೇ ಹೋದರೆ ನವಿಲು ಕಾಣುತ್ತವೆ, ಹೊತ್ತೇರಿದರೆ ಕೂಗಷ್ಟೇ. ಅಲ್ಲೇ ನಗರೇಶ್ವರ ದೇವಾಲಯ, ಊರವರ ಮಾತಿನಲ್ಲಿ ಅರವತ್ತು ಕಂಬದ ಗುಡಿ. ನೆಲಮಟ್ಟದಿಂದ ತಗ್ಗಿನಲ್ಲಿರುವ ಆ ಗುಡಿಯ ಕಂಬಗಳ ನುಣುಪು ನೋಡಿದ ಮೇಲೆ, ಈ ಸೀಮೆಯಲ್ಲಿ ಶಿಲ್ಪದ ಕೈ ನಿನ್ನೆ ಮೊನ್ನೆಯದಲ್ಲ ಎಂಬುದು ಮಕ್ಕಳಿಗೂ ಹೊಳೆಯುತ್ತದೆ.

ಅಲ್ಲಿಂದ ಬಾಡ. ಕನಕದಾಸರು ಹುಟ್ಟಿದ ಊರು. ಅಲ್ಲಿ ಅರಮನೆಯ ಮಾದರಿ ಕಟ್ಟಿ, ಅವರ ಬದುಕಿನ ಸನ್ನಿವೇಶಗಳನ್ನು ಶಿಲ್ಪದಲ್ಲಿ ತೋರಿಸಿದ್ದಾರೆ. ಅವರು ನೆಲೆಸಿದ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲೇ ಇರುವುದರಿಂದ ಮನೆಗೆ ಮರಳುವ ದಾರಿಯಲ್ಲಿ ಅದೂ ಆಗುತ್ತದೆ. ಚಿಕ್ಕ ಮಕ್ಕಳಿದ್ದು ಅವರಿಗೆ ನೀರಾಟ, ಚಕ್ಕಡಿ ಸವಾರಿ ಬೇಕೆಂದರೆ ಶಿಗ್ಗಾವಿ ಸೀಮೆಯ ಅಗಡಿ ತೋಟವಿದೆ. ಅಲ್ಲಿಗೆ ಹೋದರೆ ಆ ದಿನ ಬೇರೆ ಕಡೆ ಹೋಗುವ ಆಸೆ ಬಿಡಬೇಕು. ಶಿಶುನಾಳಕ್ಕೆ ಹೋಗಿ ಷರೀಫರ ಗದ್ದುಗೆಗೆ ಕೈಮುಗಿಯುವ ಮನಸ್ಸು ಹಿರಿಯರಿಗಿರುತ್ತದೆ. ಎಲ್ಲವನ್ನೂ ಎರಡನೇ ದಿನಕ್ಕೆ ತುರುಕಬೇಡಿ. ಎರಡು ಜಾಗ ಆರಿಸಿಕೊಳ್ಳಿ, ಮೂರನೆಯದನ್ನು ಬಿಡಿ.

ನೂರು ಮೈಲಿ ದೂರದಿಂದ ಬರುವವರಿಗೆ ಮೂರನೇ ದಿನವೂ ಉಂಟು. ಬೆಂಗಳೂರಿನಲ್ಲಿರುವ ಮಗಳು ಮೊಮ್ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಾಗ ಇದು ಸಲೀಸು. ಆ ಮೂರನೇ ದಿನ ಅವರವರ ಊರಿಗೆ ಸೇರಿದ್ದು. ಸೋಮವಾರವೋ ಗುರುವಾರವೋ ಆಗಿದ್ದರೆ ಬ್ಯಾಡಗಿ ಮಾರುಕಟ್ಟೆ. ಮಕ್ಕಳ ಮೂಗಿಗೆ ಒದ್ದೆ ಕರ್ಚೀಫು ಕಟ್ಟಿಕೊಂಡು ಹೋಗಿ, ಕಡ್ಡಿಗೂ ಡಬ್ಬಿಗೂ ಇರುವ ವ್ಯತ್ಯಾಸ ಕೈಯಲ್ಲಿ ಹಿಡಿಸಿ ತೋರಿಸಿ. ಸುಕ್ಕು ಸುಕ್ಕಾದ ಉದ್ದನೆಯದು ಕಡ್ಡಿ, ಗಿಡ್ಡಗೆ ಉಬ್ಬಿದ್ದು ಡಬ್ಬಿ. ಎರಡರಲ್ಲೂ ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕಾಯಿ ಇದು. ಹಾವೇರಿಯಲ್ಲಾದರೆ ಪಶ್ಚಿಮಕ್ಕೆ ಮುಖ ಮಾಡಿದ ಪುರಸಿದ್ಧೇಶ್ವರ ಗುಡಿ, ಆಮೇಲೆ ಏಲಕ್ಕಿ ಹಾರ ಕಟ್ಟುವವರ ಮನೆ. ರಾಣೆಬೆನ್ನೂರಿನಲ್ಲಾದರೆ 1974ರಲ್ಲಿ ಘೋಷಣೆಯಾದ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ. ಎರೆಭೂತ ಹಕ್ಕಿಗೂ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಒಂದು ಕಾಲಕ್ಕೆ ಅದು ಹೆಸರಾಗಿತ್ತು. ಕೃಷ್ಣಮೃಗದ ಹಿಂಡು ನೆಗೆಯುವುದನ್ನು ನೋಡಲು ಸೂರ್ಯ ಮೇಲೆ ಬರುವ ಮೊದಲು ಅಲ್ಲಿರಬೇಕು, ಅಷ್ಟೇ ಷರತ್ತು.

ಶಾಲಾ ಪ್ರವಾಸಗಳ ವಿಷಯ ಹೇಳದೆ ಇರಲಾರೆ. ಚಳಿಗಾಲದಲ್ಲಿ ಗೊಟಗೋಡಿಯ ಬಾಗಿಲಲ್ಲಿ ಬಸ್ಸುಗಳ ಸಾಲು. ಒಂದೇ ದಿನದಲ್ಲಿ ರಾಕ್ ಗಾರ್ಡನ್, ಬಾಡ, ಬಂಕಾಪುರ, ಸಾಧ್ಯವಾದರೆ ಇನ್ನೂ ಒಂದು. ಶಿಕ್ಷಕರಿಗೆ ದಿನದೊಳಗೆ ಮಕ್ಕಳನ್ನು ಮನೆ ಮುಟ್ಟಿಸುವ ಹೊಣೆ, ಪಾಲಕರಿಂದ ಹೆಚ್ಚು ಹಣ ಕೇಳಲಾಗದ ಇಕ್ಕಟ್ಟು. ಅವರ ಮೇಲೆ ತಪ್ಪು ಹೊರಿಸುವುದು ಸಲ್ಲದು. ಆದರೆ ಒಂದು ಮಾತು ಕೇಳಬಹುದು. ಜಾಗ ಕಡಿಮೆ ಮಾಡಿ, ಬಸ್ಸಿನಲ್ಲಿ ಎರಡು ಸೀಟು ಊರಿನ ಹಿರಿಯರಿಗೆ ಕೊಡಿ. ಕಮ್ಮಾರಿಕೆ ಮಾಡಿದ ಒಬ್ಬ ಅಜ್ಜ, ರೊಟ್ಟಿ ಬಡಿದ ಒಬ್ಬ ಅಜ್ಜಿ. ಯಾವ ಗೈಡ್ ಹೇಳುವುದಕ್ಕಿಂತ ಚೆನ್ನಾಗಿ ಅವರು ಹೇಳುತ್ತಾರೆ, ಮಕ್ಕಳೂ ತಮ್ಮೂರಿನವರ ಮಾತನ್ನು ಬೇರೆ ಕಿವಿಯಿಂದ ಕೇಳುತ್ತಾರೆ. ತೋಟದ ಮಗ್ಗುಲಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ. 2011ರಲ್ಲಿ ಸ್ಥಾಪನೆಯಾದದ್ದು, ಜಾನಪದಕ್ಕೆಂದೇ ಮೀಸಲಾದದ್ದು. ಅಲ್ಲಿನ ವಿದ್ಯಾರ್ಥಿಗಳು ಆ ಅಜ್ಜ ಅಜ್ಜಿಯರ ಮಾತನ್ನು ಶಿಲ್ಪದ ಮುಂದೆಯೇ ದಾಖಲಿಸಿಕೊಂಡರೆ ಎಷ್ಟು ದೊಡ್ಡ ಭಂಡಾರವಾದೀತು! ಸಿಮೆಂಟಿನ ಬಣ್ಣ ಮಾಸಿದರೆ ಮತ್ತೆ ಬಳಿಯಬಹುದು. ಬೀಸುವ ಕಲ್ಲಿನ ಸಪ್ಪಳ ಯಾವಾಗ ಬದಲಾಗುತ್ತದೆ ಎಂದು ಹೇಳಬಲ್ಲವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ಇನ್ನೊಂದು ಕೋರಿಕೆ ಜಿಲ್ಲೆಯ ಪ್ರವಾಸೋದ್ಯಮ ನೋಡಿಕೊಳ್ಳುವವರಿಗೆ. ಗೊಟಗೋಡಿ, ಬಾಡ, ಬಂಕಾಪುರ ಮೂರನ್ನೂ ಸೇರಿಸಿ ಎರಡು ದಿನಕ್ಕೊಂದೇ ಟಿಕೆಟ್ ಇರಲಿ. ದಿನ ಹೆಚ್ಚಾದಷ್ಟೂ ದರ ಇಳಿಸಿ ಜನರನ್ನು ನಿಲ್ಲಿಸಿಕೊಳ್ಳುವ ಉಪಾಯವನ್ನು ಫ್ಲೋರಿಡಾದವರು ಮಾಡಬಹುದಾದರೆ ಶಿಗ್ಗಾವಿಯಲ್ಲೂ ಮಾಡಬಹುದು. ಅರವತ್ತು ದಾಟಿದವರಿಗೆ ಮೊಮ್ಮಕ್ಕಳ ಜೊತೆ ಬಂದರೆ ಶುಲ್ಕವೇ ಬೇಡ. ನಡುನಡುವೆ ನೆರಳಿನ ಕಟ್ಟೆ, ಕುಡಿಯುವ ನೀರು, ಹೆಂಗಸರಿಗೆ ಸರಿಯಾದ ಶೌಚಾಲಯ ಧಾರಾಳವಾಗಿ ಇರಲಿ. ಹಿರಿಯರು ಎಷ್ಟು ಹೊತ್ತು ಉಳಿಯುತ್ತಾರೆ ಎಂಬುದನ್ನು ಕಡೆಗೆ ತೀರ್ಮಾನಿಸುವುದು ಇವೇ.

ಯಾವಾಗ ಹೋಗುವುದು ಎನ್ನುವುದಕ್ಕೆ ಮೂರೂ ಊರುಗಳ ಕೆಲಸದ ಲೆಕ್ಕ ಕೂಡಿಸಿ ನೋಡಿದೆ. ದಸರೆಯ ಹೊತ್ತಿಗೆ ರಾಣೆಬೆನ್ನೂರಿನ ಕಡೆ ಕ್ರಾಸಿಂಗ್ ಪೂರ್ತಿ ಮುಗಿದಿರುವುದಿಲ್ಲ. ಡಿಸೆಂಬರ್ ಕಳೆದರೆ ಬ್ಯಾಡಗಿಯವರು ಸಿಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಇದ್ದರೂ ಆ ಬಿಸಿಲಿಗೆ ಹಿರಿಯರನ್ನು ಒಡ್ಡಬಾರದು. ಉಳಿಯುವುದು ನವೆಂಬರ್. ಮಳೆ ಹಿಂದೆ ಸರಿದಿರುತ್ತದೆ, ಹೊಲದಲ್ಲಿ ಹಸಿರು ಇನ್ನೂ ಇರುತ್ತದೆ. ಹಾವೇರಿಯ ನೌಕರದಾರರಿಗೂ ಆ ತಿಂಗಳಲ್ಲಿ ಸಾಮಾನ್ಯವಾಗಿ ಒಂದು ಸರ್ಕಾರಿ ರಜೆ ಸಿಗುತ್ತದೆ: ಕನಕ ಜಯಂತಿ. ಬಾಡ, ಕಾಗಿನೆಲೆಗಳಲ್ಲಿ ಅದು ಹಬ್ಬದ ದಿನ. ಅದಕ್ಕೆ ಹತ್ತಿರದ ಭಾನುವಾರ ನೋಡಿ ಒಂದು ದಿನ ಗೊಟಗೋಡಿಗೆ, ಜಯಂತಿಯ ದಿನ ಬಾಡಕ್ಕೆ ಎಂದು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಬೀಗರಿಗೂ ಒಂದು ಫೋನ್ ಮಾಡಿ. ಕ್ರೂಸರಿನಲ್ಲಿ ಮುಂದಿನ ಸೀಟು ಅಜ್ಜಿಗೆ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ.